ಬೆಳ್ಳಕ್ಕಿ ಕೋಟೆಯ ಸುಣ್ಣ

ಒಸಾಕಾದಿಂದ ಪಶ್ಚಿಮಕ್ಕೆ ಹೊರಡುವ ‘ಶಿನ್‌ಕೈಸೊಕು’ ಎಂಬ ವೇಗದ ರೈಲು ಸುಮಾರು ಒಂದು ಗಂಟೆಯಲ್ಲಿ ಹಿಮೇಜಿಯನ್ನು ಮುಟ್ಟಿಸುತ್ತದೆ. ನಿಲ್ದಾಣದ ಉತ್ತರ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಓತೆಮಾಎ ಎಂಬ ಅಗಲವಾದ ರಸ್ತೆಯೊಂದು ಎಲ್ಲಿಯೂ ಬಾಗದೆ ಒಂದು ಕಿಲೋಮೀಟರಿನಷ್ಟು ದೂರ ಚಾಚಿಕೊಂಡಿದೆ. ಅದರ ತುದಿಯಲ್ಲಿ, ಗುಡ್ಡದ ಹಸಿರಿನ ಮೇಲೆ, ಹಾರಲು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಬಿಳಿಯ ಕೋಟೆ ನಿಂತಿದೆ. ಜಪಾನೀಯರು ಇದನ್ನು ‘ಶಿರಾಸಗಿ-ಜೋ’ ಎಂದು ಕರೆಯುತ್ತಾರೆ. ಶಿರಾಸಗಿ ಎಂದರೆ ನಮ್ಮ ಗದ್ದೆಬಯಲಿನ ಬೆಳ್ಳಕ್ಕಿ. ಜೋ ಎಂದರೆ ಕೋಟೆ. ಬೆಳ್ಳಕ್ಕಿ ಕೋಟೆ ಎಂಬ ಹೆಸರನ್ನು ಕನ್ನಡದಲ್ಲಿ ಹೇಳಿದ ಕೂಡಲೇ ನನ್ನ ತಂದೆ ತಲೆಯೆತ್ತಿ ನೋಡಿದರು. ಅಲ್ಲಿಯವರೆಗೆ ಅವರು ನೆಲವನ್ನೇ ನೋಡುತ್ತ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನಡೆಯುತ್ತಿದ್ದರು.

ಅದು ಜುಲೈ ತಿಂಗಳ ಕೊನೆಯ ವಾರ. ಜಪಾನಿನ ‘ತ್ಸುಯು’ ಎಂಬ ಮಳೆಗಾಲ ಮುಗಿದು ಕೆಲವೇ ದಿನಗಳಾಗಿದ್ದವು. ನೆಲದಲ್ಲಿ ಇಂಗಿದ ನೀರೆಲ್ಲ ಹಬೆಯಾಗಿ ಏಳುವ, ನೆರಳಿನಲ್ಲಿ ನಿಂತರೂ ಬೆವರು ಆರದ ದಿನಗಳು ಅವು. ಉಷ್ಣಾಂಶ 35 ಡಿಗ್ರಿ ದಾಟಿದ ದಿನಕ್ಕೆ ಇಲ್ಲಿನ ಹವಾಮಾನ ಇಲಾಖೆ ‘ಮೋಶೋಬಿ’ ಎಂಬ ಹೆಸರನ್ನು ಇಟ್ಟಿದೆ. ನಾವು ಹೋದ ದಿನ ಅಂಥದೊಂದು ದಿನವಾಗಿತ್ತು. ತಂದೆ ಚಿತ್ರದುರ್ಗದ ಕಡೆಯ ಆಷಾಢದ ಗಾಳಿಯನ್ನು ಬಿಟ್ಟು ಬಂದು ವಾರವೂ ಕಳೆದಿರಲಿಲ್ಲ. ಬಯಲುಸೀಮೆಯ ಬಿಸಿಲನ್ನು ಅರವತ್ತೆಂಟು ವರ್ಷ ಉಂಡವರಿಗೆ ಬಿಸಿಲು ಹೊಸದಲ್ಲ. ಆದರೆ ದುರ್ಗದ ಬಿಸಿಲು ಒಣ ಬಿಸಿಲು, ಬೇವಿನ ಮರದ ಕೆಳಗೆ ನಿಂತರೆ ಬಿಟ್ಟುಹೋಗುವಂಥದು. ಈ ಬಿಸಿಲು ಒದ್ದೆಬಟ್ಟೆಯ ಹಾಗೆ ಮೈಗೆ ಅಂಟಿಕೊಂಡು ಬರುತ್ತದೆ. ದಾರಿಯುದ್ದಕ್ಕೂ ಮರಗಳಲ್ಲಿ ‘ಕುಮಾಝೆಮಿ’ ಎಂಬ ದೊಡ್ಡ ಜೀರುಂಡೆಗಳು ಶಾ ಶಾ ಶಾ ಎಂದು ಕಿವಿ ತುಂಬುವಂತೆ ಕೂಗುತ್ತಿದ್ದವು. ಪಶ್ಚಿಮ ಜಪಾನಿನ ಬೇಸಿಗೆಯ ಬೆಳಗು ಎಂದರೆ ಈ ಸದ್ದು.

ನಾನು ಈ ಕೋಟೆಗೆ ಮೊದಲೂ ಎರಡು ಸಲ ಬಂದಿದ್ದೆ. ಒಮ್ಮೆ ಚೆರ್ರಿ ಹೂವಿನ ಕಾಲದಲ್ಲಿ, ಇನ್ನೊಮ್ಮೆ ಎಲೆ ಕೆಂಪಾಗುವ ಕಾಲದಲ್ಲಿ. ಎಲ್ಲರೂ ಬರುವಂತೆ ಬಂದು, ಎಲ್ಲರೂ ತೆಗೆಯುವ ಕಡೆಯಿಂದಲೇ ಚಿತ್ರ ತೆಗೆದುಕೊಂಡು ಹೋಗಿದ್ದೆ. ಕೋಟೆಯನ್ನು ನಿಜವಾಗಿ ನೋಡಿದ್ದು ಈ ಮೂರನೆಯ ಸಲ, ಆ ಸುಡುವ ದಿನ, ತಂದೆಯ ಜೊತೆಯಲ್ಲಿ. ಅದಕ್ಕೆ ಎರಡು ಕಾರಣಗಳಿವೆ. ಆ ಬಿಸಿಲು ಮತ್ತು ಆ ತೇವವೇ ಈ ಕೋಟೆಯ ನಿಜವಾದ ಶತ್ರುಗಳೆಂಬುದು ಅವುಗಳ ನಡುವೆ ನಿಂತಾಗ ಮಾತ್ರ ಅರ್ಥವಾಗುವ ಸಂಗತಿ ಎಂಬುದು ಒಂದು. ನನ್ನ ತಂದೆ ಜೀವಮಾನವೆಲ್ಲ ಕಟ್ಟಡದ ಮೇಸ್ತ್ರಿಯಾಗಿದ್ದವರು, ಸಿಮೆಂಟು ಊರೂರಿಗೆ ಬರುವ ಮುನ್ನ ತಮ್ಮ ತಂದೆಯ ಕೈಕೆಳಗೆ ಸುಣ್ಣದ ಗಾರೆಯ ಕೆಲಸ ಕಲಿತವರು ಎಂಬುದು ಇನ್ನೊಂದು.

ಸಕುರಾ-ಮೊನ್ ಸೇತುವೆಯ ಮೇಲೆ ಒಳಗಂದಕವನ್ನು ದಾಟಿ, ಮೂರನೆಯ ಆವರಣದ ದೊಡ್ಡ ಬಯಲಿಗೆ ಬಂದೆವು. ಒಂದು ಕಾಲದಲ್ಲಿ ಇಲ್ಲಿ ಅರಮನೆಗಳಿದ್ದವು; ಈಗ ಹುಲ್ಲು, ಮರಗಳು, ಮೇಲೆ ಬರಿಯ ಆಕಾಶ. ಟಿಕೆಟ್ ಪಡೆದು ಹಿಶಿ ಬಾಗಿಲನ್ನು ಹೊಕ್ಕರೆ ಮುಖ್ಯ ಗೋಪುರ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಇನ್ನೇನು ಹತ್ತು ನಿಮಿಷದಲ್ಲಿ ನೆರಳು ಸಿಕ್ಕೀತು ಎಂದು ತಂದೆಗೆ ಹೇಳಿದೆ. ಆದರೆ ಈ ಕೋಟೆಯನ್ನು ಕಟ್ಟಿದವರು ಬೇಕೆಂದೇ ದಾರಿಯನ್ನು ಸುರುಳಿ ಸುತ್ತಿಸಿದ್ದಾರೆ. ನಮ್ಮ ಅ ಆ ಇ ಈ ಇದ್ದಂತೆ ಜಪಾನೀ ಅಕ್ಷರಮಾಲೆಗೆ ಇ, ರೊ, ಹ, ನಿ, ಹೊ ಎಂಬ ಹಳೆಯ ಅನುಕ್ರಮವಿದೆ. ಬಾಗಿಲುಗಳಿಗೆ ಅದೇ ಕ್ರಮದಲ್ಲಿ ಹೆಸರು. ‘ಇ’ ಬಾಗಿಲು, ‘ರೊ’ ಬಾಗಿಲು, ‘ಹ’ ಬಾಗಿಲು ಎಂದು ಮುಂದೆ ಹೋದಂತೆಲ್ಲ ದಾರಿ ಕಿರಿದಾಗುತ್ತದೆ, ಹಠಾತ್ತನೆ ಹಿಂದಕ್ಕೆ ತಿರುಗುತ್ತದೆ, ಒಮ್ಮೆ ಏರಿ ಇನ್ನೊಮ್ಮೆ ಇಳಿಯುತ್ತದೆ. ಗೋಪುರಕ್ಕೆ ಬೆನ್ನು ಹಾಕಿ ನಡೆಯಬೇಕಾಗುತ್ತದೆ. ‘ನಿ’ ಬಾಗಿಲಿನಲ್ಲಿ ಮಾಡು ಎಷ್ಟು ತಗ್ಗು, ದಾರಿ ಎಷ್ಟು ತಿರುವು ಎಂದರೆ ಭರ್ಜಿ ಹಿಡಿದವನು ಅದನ್ನು ಎತ್ತಿ ನಿಲ್ಲಿಸಲಾರ. ಅದರ ಮುಂದಿನ ‘ಹೊ’ ಬಾಗಿಲಂತೂ ಕಬ್ಬಿಣದ ಪಟ್ಟಿ ಹೊಡೆದ ಸಣ್ಣ ದಿಡ್ಡಿ. ಒಬ್ಬೊಬ್ಬರೇ ತಲೆ ತಗ್ಗಿಸಿ ನುಸಿಯಬೇಕು.

ಈ ತಿರುವುಗಳ ಉದ್ದಕ್ಕೂ ಬಿಳಿಯ ಗೋಡೆಯಲ್ಲಿ ಕಿಂಡಿಗಳು ನಮ್ಮನ್ನು ನೋಡುತ್ತಿರುತ್ತವೆ. ಉದ್ದನೆಯ ಚೌಕದ ಕಿಂಡಿ ಬಿಲ್ಲುಗಾರನಿಗೆ. ವೃತ್ತ, ತ್ರಿಕೋನ ಮತ್ತು ಚಚ್ಚೌಕದ ಕಿಂಡಿಗಳು ಬಂದೂಕು ಹಿಡಿದವನಿಗೆ. ಒಳಭಾಗದಲ್ಲಿ ಅಗಲ, ಹೊರಭಾಗದಲ್ಲಿ ಸಣ್ಣ. ಕಿಂಡಿ ಎಂದರೆ ದುರ್ಗದವರಿಗೆ ನೆನಪಾಗುವುದು ಒಂದೇ ಕಿಂಡಿ. ತಂದೆ ಒಂದು ತ್ರಿಕೋನದ ಮುಂದೆ ಬಗ್ಗಿ ನೋಡಿ, “ಇದರಲ್ಲಿ ನುಸಿಯೋಕೆ ಆಗಲ್ಲ, ಓಬವ್ವಂಗೆ ಇಲ್ಲಿ ಕೆಲಸ ಇರ್ತಿರಲಿಲ್ಲ” ಎಂದರು. ನಿಜವಾಗಿಯೂ ಇಲ್ಲಿ ಯಾರಿಗೂ ಆ ಕೆಲಸ ಬೀಳಲಿಲ್ಲ. ಇಷ್ಟು ಯೋಚಿಸಿ ಕಟ್ಟಿದ ಈ ಕೋಟೆಯಲ್ಲಿ, ಈಗಿರುವ ರೂಪ ಪಡೆದ ಮೇಲೆ, ಒಂದು ಸಲವೂ ಕಾಳಗ ನಡೆಯಲಿಲ್ಲ. ಈ ಕಿಂಡಿಗಳಿಂದ ಯುದ್ಧದಲ್ಲಿ ಒಂದು ಬಾಣವೂ ಹೊರಡಲಿಲ್ಲ.

ಇತಿಹಾಸದ ಎಳೆ ಹೀಗಿದೆ. ಹಿಮೆಯಾಮ ಎಂಬ ಈ ಗುಡ್ಡದ ಮೇಲೆ 1333ರಲ್ಲಿ ಅಕಮಾತ್ಸು ನೊರಿಮುರಾ ಎಂಬ ಸ್ಥಳೀಯ ಒಡೆಯ ಸಣ್ಣದೊಂದು ಕೋಟೆ ಕಟ್ಟಿದ. 1580ರಲ್ಲಿ, ಮುಂದೆ ಇಡೀ ಜಪಾನನ್ನು ಒಂದುಗೂಡಿಸಿದ ಹಿದೆಯೋಶಿ ಇಲ್ಲಿ ಮೂರು ಅಂತಸ್ತಿನ ಗೋಪುರ ಎಬ್ಬಿಸಿದ. 1600ರ ಸೆಕಿಗಹರಾ ಯುದ್ಧದಲ್ಲಿ ಗೆದ್ದ ತೊಕುಗಾವಾ ಇಯೆಯಾಸು ತನ್ನ ಅಳಿಯ ಇಕೆದಾ ತೆರುಮಾಸನಿಗೆ ಈ ಪ್ರಾಂತವನ್ನು ಕೊಟ್ಟ; ತೆರುಮಾಸ 1601ರಿಂದ 1609ರವರೆಗೆ ಕೆಲಸ ನಡೆಸಿ ಇಂದು ನಾವು ನೋಡುವ ಕೋಟೆಯನ್ನು ನಿಲ್ಲಿಸಿದ. ಮಾಡಿನ ಅಂಚಿನ ಹೆಂಚುಗಳಲ್ಲಿ ಇಕೆದಾ ಮನೆತನದ ಚಿಟ್ಟೆಯ ಲಾಂಛನ ಇಂದಿಗೂ ಇದೆ. ಆಮೇಲೆ ಬಂದ ಒಡೆಯರು ತಮ್ಮ ತಮ್ಮ ಕಾಲದ ದುರಸ್ತಿಯಲ್ಲಿ ತಮ್ಮ ಲಾಂಛನದ ಹೆಂಚು ಹೊದಿಸಿದರು. ಹೀಗಾಗಿ ಒಂದೇ ಮಾಡಿನ ಮೇಲೆ ಹಲವು ಮನೆತನಗಳ ಗುರುತುಗಳು ಅಕ್ಕಪಕ್ಕ ಕೂತಿವೆ. ಯಾರು ಆಳಿದರು ಎಂಬುದಕ್ಕಿಂತ ಯಾರು ಯಾವಾಗ ಹೆಂಚು ಬದಲಿಸಿದರು ಎಂಬ ಲೆಕ್ಕವಾಗಿ ಅವು ನನಗೆ ಕಂಡವು.

ಹಿದೆಯೋಶಿಯ ಕಾಲದ ಕಲ್ಲುಗೋಡೆಗಳು ಒರಟು. ಕಲ್ಲನ್ನು ಹೆಚ್ಚು ಕೆತ್ತದೆ ಸಿಕ್ಕಿದ್ದನ್ನು ಸಿಕ್ಕಂತೆ ಕೂರಿಸಿದ್ದಾರೆ. ಕಲ್ಲು ಸಾಲದೆ ಹೋದಾಗ ಪುರಾತನ ಗೋರಿಗಳ ಕಲ್ಲಿನ ಶವಪೆಟ್ಟಿಗೆಗಳನ್ನೂ ತಂದು ಗೋಡೆಗೆ ಸೇರಿಸಿದ್ದಾರೆ. ಒಂದು ಕಡೆ, ಎತ್ತರದಲ್ಲಿ, ತಂತಿಯ ಬಲೆ ಹೊದಿಸಿದ ಒಂದು ಸಣ್ಣ ಕಲ್ಲಿದೆ. ‘ಉಬಗ-ಇಶಿ’, ಅಜ್ಜಿಯ ಕಲ್ಲು ಎಂದು ಅದರ ಹೆಸರು. ಅಕ್ಕಿಯ ಕಡುಬು ಮಾರಿ ಬದುಕುತ್ತಿದ್ದ ಮುದುಕಿಯೊಬ್ಬಳು, ಹಿದೆಯೋಶಿಗೆ ಕಲ್ಲು ಸಾಲುತ್ತಿಲ್ಲವೆಂದು ಕೇಳಿ, ತನ್ನ ಬೀಸುವ ಕಲ್ಲನ್ನೇ ಕೊಟ್ಟಳಂತೆ. ಆ ಸುದ್ದಿ ಹರಡಿ ಊರಿನವರೆಲ್ಲ ಕಲ್ಲು ಹೊತ್ತು ತಂದರಂತೆ. ಕಥೆ ನಿಜವೋ ಅಲ್ಲವೋ, ತಂದೆ ಆ ಕಲ್ಲಿನ ಮುಂದೆ ಬಿಸಿಲಿನಲ್ಲಿಯೇ ಬಹಳ ಹೊತ್ತು ನಿಂತರು. ಬೀಸುಕಲ್ಲು ಇಲ್ಲದ ಮನೆಯಲ್ಲಿ ಮರುದಿನ ಏನು ನಡೆಯುತ್ತದೆಂದು ಬಲ್ಲವರಿಗೆ ಆ ದಾನದ ತೂಕ ಬೇರೆಯಾಗಿಯೇ ತಿಳಿಯುತ್ತದೆ.

ಹತ್ತೂವರೆಯ ಹೊತ್ತಿಗೆ ನಾವು ಇನ್ನೂ ಗೋಡೆಗಳ ನಡುವೆಯೇ ಇದ್ದೆವು. ಬಿಳಿಯ ಗೋಡೆಗೆ ಬಿದ್ದ ಬಿಸಿಲು ತಿರುಗಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಗಾಳಿಯೇ ಇರಲಿಲ್ಲ. ಮುಂದೆ ನಡೆಯುತ್ತಿದ್ದ ವಯಸ್ಸಾದ ಜಪಾನೀ ದಂಪತಿಗಳು ನಿಂತು, ಉಪ್ಪು ಬೆರೆಸಿದ ಸಕ್ಕರೆಯ ಉಂಡೆಗಳನ್ನು ಚೀಲದಿಂದ ತೆಗೆದು ತಂದೆಯ ಕೈಯಲ್ಲಿಟ್ಟರು. ಬೇಸಿಗೆಯಲ್ಲಿ ಇಲ್ಲಿನ ಹಿರಿಯರು ಇದನ್ನು ಜೊತೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ತಂದೆ ಕೈಮುಗಿದರು, ಅವರು ತಲೆಬಾಗಿದರು. ನಾನು ತಂದಿದ್ದ ಬಾರ್ಲಿಯ ಚಹಾ ಆಗಲೇ ಮುಗಿದಿತ್ತು.

ಆ ಓಣಿಯಲ್ಲಿಯೇ ತಂದೆ ಗೋಡೆಯ ಬಗ್ಗೆ ಕೇಳತೊಡಗಿದ್ದು. ಅವರು ಕನ್ನಡಕವನ್ನು ಹಣೆಗೇರಿಸಿ, ಮುಟ್ಟದೆ, ಅಂಗುಲದಷ್ಟು ದೂರದಿಂದ ಮೇಲ್ಮೈಯನ್ನು ನೋಡಿದರು. “ಸುಣ್ಣ ಸರಿ, ಅಂಟಿಗೇನು ಹಾಕ್ತಾರೆ?” ಎಂದರು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಜಪಾನಿನ ಈ ಗಾರೆಗೆ ‘ಶಿಕ್ಕುಯಿ’ ಎಂದು ಹೆಸರು. ಅರಳಿಸಿದ ಸುಣ್ಣಕ್ಕೆ ಸೆಣಬಿನಂಥ ನಾರನ್ನು ಸಣ್ಣಗೆ ಕತ್ತರಿಸಿ ಬೆರೆಸುತ್ತಾರೆ, ಬಿರುಕು ಬಿಡದಿರಲಿ ಎಂದು; ಕಡಲ ಪಾಚಿಯನ್ನು ಕುದಿಸಿ ತೆಗೆದ ಲೋಳೆಯನ್ನು ಅಂಟಿಗೆ ಹಾಕುತ್ತಾರೆ. ಒಳಗೆ ಬಿದಿರಿನ ತಡಿಕೆ, ಅದರ ಮೇಲೆ ಹುಲ್ಲು ಬೆರೆಸಿದ ಮಣ್ಣಿನ ಹಲವು ಪದರಗಳು, ಎಲ್ಲಕ್ಕಿಂತ ಹೊರಗೆ ಈ ಬಿಳುಪು. ಮರದ ಕಟ್ಟಡವನ್ನು ಬೆಂಕಿಯಿಂದ ಕಾಪಾಡುವುದಕ್ಕೆ ಗೋಡೆಯನ್ನಷ್ಟೇ ಅಲ್ಲ, ಸೂರಿನ ಅಡಿಭಾಗವನ್ನು, ತೊಲೆಗಳ ತುದಿಗಳನ್ನು, ಕಿಟಕಿಯ ಸರಳುಗಳನ್ನು ಕೂಡ ಇದರಲ್ಲಿಯೇ ಹೊದಿಸಿದ್ದಾರೆ. ಹೆಂಚುಗಳ ಸಂದುಗಳಿಗೂ ಇದೇ ಗಾರೆ. ದೂರದಿಂದ ಮಾಡು ಕೂಡ ಬೆಳ್ಳಗೆ ಕಾಣುವುದು ಅದರಿಂದ.

ತಂದೆ ಇದನ್ನೆಲ್ಲ ಕೇಳಿ ತಮ್ಮ ಕಾಲದ ಮಾತಿಗೆ ಇಳಿದರು. ಸುಣ್ಣದ ಕಲ್ಲನ್ನು ಸುಟ್ಟು ತಂದು ಗುಂಡಿಯಲ್ಲಿ ನೀರು ಹಾಕಿ ಅರಳಿಸುವುದು, ತಿಂಗಳುಗಟ್ಟಲೆ ಕೊಳೆಯಲು ಬಿಡುವುದು, ಎತ್ತು ಕಟ್ಟಿದ ಗಾರೆಯ ಗಾಣದಲ್ಲಿ ಮರಳಿನ ಜೊತೆ ಅರೆಯುವುದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಕೆಲಸ ಮುಗಿದ ಮೇಲೆ ಗೋಡೆ ಬೇಗ ಒಣಗದಂತೆ ದಿನವೂ ನೀರು ಹೊಡೆಯುವುದು. ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ, ಗಾಳಿ ಕುಡಿದು ಗಟ್ಟಿಯಾಗುವುದು ಎಂದು ತಾತ ಅವರಿಗೆ ಹೇಳಿಕೊಟ್ಟಿದ್ದರಂತೆ. ಶಾಲೆಯಲ್ಲಿ ನಾನು ಓದಿದ ರಸಾಯನಶಾಸ್ತ್ರವೂ ಅದನ್ನೇ ಹೇಳುತ್ತದೆ: ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಸುಣ್ಣದ ಕಲ್ಲಾಗುತ್ತದೆ. ಅಲ್ಲಿ ಬೆಲ್ಲ, ಇಲ್ಲಿ ಕಡಲ ಪಾಚಿ. ಎರಡೂ ಕಡೆಯ ಮೇಸ್ತ್ರಿಗಳು ತಮ್ಮ ಊರಿನಲ್ಲಿ ಸಿಗುವುದನ್ನು ಬೆರೆಸಿ, ಕಲ್ಲನ್ನು ಪುಡಿಮಾಡಿ ಮತ್ತೆ ಕಲ್ಲಾಗಿಸುವ ಒಂದೇ ವಿದ್ಯೆಯನ್ನು ಕಲಿತಿದ್ದರು. ನನ್ನ ತಂದೆ ಹೀಗೆ ತಮ್ಮ ಕೆಲಸದ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದನ್ನು ನಾನು ಊರಿನಲ್ಲಿ ಎಂದೂ ಕೇಳಿರಲಿಲ್ಲ. ಕೇಳಿರಲಿಲ್ಲ ಎನ್ನುವುದಕ್ಕಿಂತ, ಕೇಳಲು ಕುಳಿತಿರಲಿಲ್ಲ.

ಆದರೆ ಈ ಬಿಳುಪು ಉಳಿಯುವುದಿಲ್ಲ. ಇಲ್ಲಿನ ಮಳೆಗಾಲದ ತೇವ ಮತ್ತು ಬೇಸಿಗೆಯ ಸೆಕೆ ಸೇರಿ ಗಾರೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಕೆಲವೇ ವರ್ಷಗಳಲ್ಲಿ ಬಿಳುಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. 2009ರ ಅಕ್ಟೋಬರಿನಲ್ಲಿ ಶುರುವಾದ ಹೈಸೆಯಿ ಕಾಲದ ದೊಡ್ಡ ದುರಸ್ತಿಯಲ್ಲಿ ಮುಖ್ಯ ಗೋಪುರಕ್ಕೆ ದೊಡ್ಡ ಮನೆಯಂಥ ಹೊದಿಕೆ ಕಟ್ಟಿ, ಹೆಂಚುಗಳನ್ನು ಮತ್ತೆ ಹೊದಿಸಿ, ಗಾರೆಯನ್ನು ಹೊಸದಾಗಿ ಬಳಿದರು. ಕೆಲಸ ನಡೆಯುತ್ತಿದ್ದಾಗ ಜನ ಆ ಹೊದಿಕೆಯೊಳಗೆ ಹತ್ತಿ, ಮೇಸ್ತ್ರಿಗಳು ಮಾಡಿನ ಮೇಲೆ ಕೆಲಸ ಮಾಡುವುದನ್ನು ನೋಡಲು ಅವಕಾಶವಿತ್ತು. 2015ರ ಮಾರ್ಚ್ 27ರಂದು ಬಾಗಿಲು ತೆರೆದಾಗ ಕೋಟೆ ಎಷ್ಟು ಬೆಳ್ಳಗಿತ್ತೆಂದರೆ, ಜನ ಶಿರಾಸಗಿ ಎಂಬ ಹೆಸರನ್ನೇ ತಿರುಚಿ ‘ಶಿರೋಸುಗಿ’, ಅಂದರೆ ತೀರಾ ಬಿಳಿ, ಎಂದು ಕರೆದರು. ಕಣ್ಣಿಗೆ ಅಭ್ಯಾಸವಾಗಿದ್ದದ್ದು ಹಳೆಯ ಬೂದು ಬಣ್ಣ. ಅದನ್ನೇ ಅವರು ಕೋಟೆಯ ಬಣ್ಣವೆಂದು ನಂಬಿದ್ದರು. ಚಿತ್ರಗಳಲ್ಲಿ ನಾವು ನೋಡುವ ಬಿಳುಪು ಕಟ್ಟಡದ ಗುಣವಲ್ಲ, ಅದರ ಮೇಲೆ ಆಗಾಗ ನಡೆಯುವ ಕೆಲಸ. ಯುಗಾದಿಗೆ ಮುಂಚೆ ಅಮ್ಮ ಮನೆಗೆ ಸುಣ್ಣ ಹೊಡೆಸುತ್ತಿದ್ದಳಲ್ಲ, ಹಾಗೆ.

ಗೋಪುರದ ಬಾಗಿಲಲ್ಲಿ ಪಾದರಕ್ಷೆ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಬೇಕು. ಬರಿಗಾಲು ಮರದ ನೆಲವನ್ನು ಮುಟ್ಟಿದ ಕ್ಷಣ ಆ ದಿನದ ಮೊದಲ ತಂಪು ಸಿಕ್ಕಿತು. ಹೊರಗಿನಿಂದ ಐದು ಅಂತಸ್ತಾಗಿ ಕಾಣುವ ಗೋಪುರದ ಒಳಗೆ ಆರು ಮಹಡಿಗಳು, ಕೆಳಗೆ ಒಂದು ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಮುತ್ತಿಗೆಯ ದಿನಗಳಿಗೆಂದು ಕಟ್ಟಿದ ನೀರಿನ ಕಟ್ಟೆ, ಶೌಚದ ಗುಂಡಿಗಳಿವೆ; ಕಾಳಗ ನಡೆಯದೆ ಹೋದದ್ದರಿಂದ ಅವು ಬಳಕೆಗೆ ಬರಲೇ ಇಲ್ಲ. ಕೋಣೆಗಳಲ್ಲಿ ಪೀಠೋಪಕರಣವಾಗಲಿ ಚಿತ್ರಗಳಾಗಲಿ ಇಲ್ಲ. ಗೋಡೆಯುದ್ದಕ್ಕೂ ಬಂದೂಕು ಮತ್ತು ಭರ್ಜಿಗಳನ್ನು ತೂಗುಹಾಕುವ ಮರದ ಕೊಕ್ಕೆಗಳು, ಮೂಲೆಗಳಲ್ಲಿ ಯೋಧರು ಅಡಗಲೆಂದು ಮಾಡಿದ ಪುಟ್ಟ ಕತ್ತಲ ಗೂಡುಗಳು. ಅರಮನೆಯನ್ನು ನಿರೀಕ್ಷಿಸಿ ಬಂದವರಿಗೆ ಇದು ಬರಿದಾಗಿ ಕಾಣಬಹುದು. ನನಗೆ ಈ ಬರಿದುತನವೇ ಇಷ್ಟ. ನೋಡಲು ಬೇರೇನೂ ಇಲ್ಲದ ಕಾರಣ ಕಣ್ಣು ಮರದ ಮೇಲೆಯೇ ನಿಲ್ಲುತ್ತದೆ.

ಮರದಲ್ಲಿ ನೋಡಬೇಕಾದದ್ದು ಎರಡು ಕಂಬಗಳು. ಪೂರ್ವದ್ದೊಂದು, ಪಶ್ಚಿಮದ್ದೊಂದು, ನೆಲಮಾಳಿಗೆಯಿಂದ ಆರನೆಯ ಮಹಡಿಯ ಅಡಿಯವರೆಗೆ ಸುಮಾರು 24 ಮೀಟರಿಗೂ ಹೆಚ್ಚು ಎತ್ತರ ಏರಿ ಇಡೀ ಗೋಪುರವನ್ನು ಹೊತ್ತಿವೆ. ಒಂದೊಂದು ಮಹಡಿ ಹತ್ತಿದಂತೆಲ್ಲ ಅದೇ ಕಂಬ ಮತ್ತೆ ಎದುರಾಗುತ್ತದೆ, ಪ್ರತಿ ಸಲವೂ ಸ್ವಲ್ಪ ತೆಳ್ಳಗಾಗಿ. ಇಷ್ಟು ಭಾರವನ್ನು ಹೊತ್ತ ಗೋಪುರ ಕಾಲಾಂತರದಲ್ಲಿ ಆಗ್ನೇಯಕ್ಕೆ ವಾಲಿತು. ಅದರ ಬಗ್ಗೆ ಊರಿನಲ್ಲಿ ಒಂದು ಕಥೆಯಿದೆ. ಸಕುರಾಯಿ ಗೆಂಬೆಯಿ ಎಂಬ ಮುಖ್ಯ ಬಡಗಿ ಒಂಬತ್ತು ವರ್ಷ ದುಡಿದು ಗೋಪುರ ಮುಗಿಸಿ ಹೆಂಡತಿಯನ್ನು ಕರೆತಂದು ತೋರಿಸಿದನಂತೆ. ಚೆನ್ನಾಗಿದೆ, ಆದರೆ ಸ್ವಲ್ಪ ವಾಲಿದೆ ಎಂದು ಅವಳು ಹೇಳಿದಳಂತೆ. ಹೆಂಗಸಿನ ಕಣ್ಣಿಗೂ ಕಾಣುವ ತಪ್ಪು ತನ್ನ ಕೈಯಿಂದಾಯಿತೆಂದು ಅವನು ಉಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಮೇಲಿನಿಂದ ಹಾರಿದನಂತೆ. ಗೋಪುರ ವಾಲಿದ್ದು ನಿಜ, ತಪ್ಪು ಬಡಗಿಯದಲ್ಲ. ಕೆಳಗಿನ ನೆಲ ಭಾರ ತಾಳದೆ ಕುಸಿದಿತ್ತು. ಈ ಕಥೆಯನ್ನು ನಾನು ಹೇಳಿದಾಗ ತಂದೆ ಮೆಟ್ಟಿಲ ಬುಡದಲ್ಲಿಯೇ ನಿಂತು, “ಪಾಯ ಅವನ ಕೈಲಿರಲಿಲ್ಲವಲ್ಲ” ಎಂದರು. ಅವರ ದನಿಯಲ್ಲಿ, ನಾನೂರು ವರ್ಷದ ಹಿಂದಿನವನಿಗಲ್ಲ, ಪಕ್ಕದ ಊರಿನ ಮೇಸ್ತ್ರಿಗಾದ ಅನ್ಯಾಯಕ್ಕೆ ಆಗುವಂಥ ನೋವಿತ್ತು.

ಪಾಯ ಸರಿಯಾದದ್ದು 1956ರಿಂದ 1964ರವರೆಗೆ ನಡೆದ ಶೋವಾ ಕಾಲದ ದುರಸ್ತಿಯಲ್ಲಿ. ಆಗ ಗೋಪುರವನ್ನು ಸಂಪೂರ್ಣ ಬಿಚ್ಚಿ, ಕೆಳಗೆ ಕಾಂಕ್ರೀಟಿನ ತಳಪಾಯ ಹಾಕಿ, ಮರವನ್ನೆಲ್ಲ ಮೊದಲಿದ್ದ ಜಾಗದಲ್ಲಿಯೇ ಮತ್ತೆ ಜೋಡಿಸಿದರು. ಪೂರ್ವದ ಕಂಬದ ಬುಡ ಕೊಳೆತಿದ್ದರೂ ಉಳಿದ ಭಾಗ ಗಟ್ಟಿಯಾಗಿತ್ತು. ಬುಡಕ್ಕೆ ಮಾತ್ರ ಹೊಸ ಮರ ಕೊಟ್ಟು ಅದನ್ನು ಉಳಿಸಿಕೊಂಡರು. ಪಶ್ಚಿಮದ ಕಂಬ ಉಳಿಸುವ ಸ್ಥಿತಿಯಲ್ಲಿರಲಿಲ್ಲ. ಅಷ್ಟು ಉದ್ದದ, ಅಷ್ಟು ನೇರವಾದ ‘ಹಿನೋಕಿ’ ಎಂಬ ಜಪಾನೀ ಸೈಪ್ರೆಸ್ ಮರಕ್ಕಾಗಿ ಹುಡುಕಿ, ಕೊನೆಗೆ ಕಿಸೊ ಕಾಡಿನಲ್ಲಿ ಒಂದನ್ನು ಕಡಿದರು. ಸಾಗಿಸುವಾಗ ಅದು ಮುರಿದುಹೋಯಿತು. ಆಗ ಹಿಮೇಜಿಗೆ ಹತ್ತಿರದ ಕಸಗತಾ ದೇಗುಲದ ಆವರಣದಲ್ಲಿದ್ದ ಇನ್ನೊಂದು ಮರವನ್ನು ತಂದು, ಎರಡನ್ನೂ ಮೂರನೆಯ ಮಹಡಿಯ ಮಟ್ಟದಲ್ಲಿ ಬೆಸೆದು ಒಂದು ಕಂಬ ಮಾಡಿದರು. ಮೂರನೆಯ ಮಹಡಿಯಲ್ಲಿ ನಾವು ಆ ಬೆಸುಗೆಯನ್ನು ಹುಡುಕಿ ನೋಡಿದೆವು. ಕಬ್ಬಿಣದ ಪಟ್ಟಿ ಸುತ್ತಿದ ಆ ಜಾಗದಲ್ಲಿ ಎರಡು ಮರಗಳ ಬಣ್ಣ ಈಗ ಒಂದಾಗಿದೆ. ಅದರ ಸುತ್ತ ತಂದೆ ಒಂದು ಸುತ್ತು ಬಂದರು, ಗುಡಿಯ ಕಂಬಕ್ಕೆ ಬರುವಂತೆ.

ಮೇಲೆ ಹೋದಂತೆ ಮೆಟ್ಟಿಲುಗಳು ಏಣಿಗಳಾಗುತ್ತವೆ. ಕೈಯಲ್ಲಿ ಚಪ್ಪಲಿಯ ಚೀಲ, ಇನ್ನೊಂದು ಕೈಯಲ್ಲಿ ಹಿಡಿಕೆ, ಮುಂದಿನವರ ಹಿಮ್ಮಡಿ ನಮ್ಮ ಕಣ್ಣಿನ ಮಟ್ಟದಲ್ಲಿ. ಕೆಳಗಿನ ತಂಪು ನಾಲ್ಕನೆಯ ಮಹಡಿಗೆ ಮುಗಿಯಿತು. ಸಾಲುಗಟ್ಟಿದ ಜನರ ಉಸಿರು, ಮಾಡಿನಿಂದ ಇಳಿಯುವ ಕಾವು. ತಂದೆಯ ಮಂಡಿ ಬಗ್ಗೆ ನನಗೆ ಭಯವಿತ್ತು. ಇಲ್ಲಿಗೇ ಸಾಕೆಂದು ಎರಡು ಸಲ ಹೇಳಿದೆ. ಸಾರುವೆ ಮೇಲೆ ಬದುಕು ಕಳೆದವರು ಅವರು. ಏಣಿಯ ಮೆಟ್ಟಿಲಿಗೆ ಪಾದವನ್ನು ಅಡ್ಡಲಾಗಿ ಇಟ್ಟು, ಆತುರವಿಲ್ಲದೆ, ನನಗಿಂತ ಚೆನ್ನಾಗಿ ಹತ್ತಿದರು.

ಆರನೆಯ ಮಹಡಿಯಲ್ಲಿ ಗಾಳಿ ಇತ್ತು. ನಾಲ್ಕೂ ದಿಕ್ಕಿನ ಕಿಟಕಿಗಳು ತೆರೆದಿದ್ದವು, ದಕ್ಷಿಣಕ್ಕೆ ನಾವು ನಡೆದು ಬಂದ ರಸ್ತೆ ಗೆರೆ ಎಳೆದಂತೆ ನಿಲ್ದಾಣದವರೆಗೆ ಕಾಣುತ್ತಿತ್ತು, ಅದರಾಚೆ ಬಿಸಿಲಿನ ಮಬ್ಬಿನಲ್ಲಿ ಒಳನಾಡು ಕಡಲು. ಕೋಣೆಯ ನಡುವೆ ಒಸಕಾಬೆ ದೇವರ ಪುಟ್ಟ ಗುಡಿ. ಗುಡ್ಡದ ಮೂಲ ದೇವತೆಯನ್ನು ಕೋಟೆ ಕಟ್ಟಿದವರು ತಲೆಯ ಮೇಲೆಯೇ ಕೂರಿಸಿಕೊಂಡಿದ್ದಾರೆ. ತಂದೆ ಕೈಮುಗಿದು ಕಣ್ಮುಚ್ಚಿ ನಿಂತರು. ಯಾವ ದೇವರು ಎಂದು ಅವರು ಕೇಳಲಿಲ್ಲ.

ಈ ಕೋಣೆಗೆ 1945ರ ಬೇಸಿಗೆಯಲ್ಲಿ ಒಂದು ಬಾಂಬು ಬಂದಿತ್ತು. ಜುಲೈ 3ರ ರಾತ್ರಿಯಿಂದ 4ರ ನಸುಕಿನವರೆಗೆ ಅಮೆರಿಕದ ವಿಮಾನಗಳು ಹಿಮೇಜಿಯ ಮೇಲೆ ಬೆಂಕಿ ಸುರಿಸಿದವು. ನಗರದ ಬಹುಭಾಗ ಸುಟ್ಟುಹೋಯಿತು. ಬಿಳಿಯ ಕೋಟೆ ಆಕಾಶದಿಂದ ಗುರುತು ಸಿಗಬಾರದೆಂದು ಮೊದಲೇ ಅದಕ್ಕೆ ಕಪ್ಪು ಬಲೆಗಳನ್ನು ಹೊದಿಸಿದ್ದರು. ಗೋಪುರದ ಮೇಲಿನ ಮಹಡಿಗೆ ಬಿದ್ದ ಬೆಂಕಿಬಾಂಬು ಸಿಡಿಯಲಿಲ್ಲ. ಬೆಳಗಾದಾಗ, ಮನೆ ಕಳೆದುಕೊಂಡು ಬೂದಿಯ ನಡುವೆ ನಿಂತ ಜನ ತಲೆಯೆತ್ತಿ ನೋಡಿದರೆ ಕೋಟೆ ಹಾಗೆಯೇ ಇತ್ತು. ಅದನ್ನು ಕಂಡು ಅತ್ತವರ ನೆನಪುಗಳನ್ನು ಆ ಊರು ಇಂದಿಗೂ ಹೇಳುತ್ತದೆ. ದಕ್ಷಿಣದ ಕಿಟಕಿಯಿಂದ ಕಾಣುವ ರಸ್ತೆ, ಅಂಗಡಿಗಳು, ಎತ್ತರದ ಮನೆಗಳು ಹೆಚ್ಚಿನವು ಆ ಬೂದಿಯ ಮೇಲೆ ಎದ್ದವು. ಅದೇ ಜುಲೈ ತಿಂಗಳ, ಅದೇ ಸೆಕೆಯ ದಿನ ಅಲ್ಲಿ ನಿಂತು, ನಾನು ಆ ರಾತ್ರಿಯ ಕಾವನ್ನು ಊಹಿಸಲು ಯತ್ನಿಸಿ ಬಿಟ್ಟುಬಿಟ್ಟೆ. 35 ಡಿಗ್ರಿಗೆ ದಣಿದವನ ಊಹೆಗೆ ಅದು ನಿಲುಕುವುದಲ್ಲ.

ಇಳಿದು ಬಂದು ಬಿಜೆನ್-ಮಾರು ಎಂಬ ಅಂಗಳದಲ್ಲಿ ಮರದ ನೆರಳು ಹುಡುಕಿ ಕುಳಿತೆವು. ಆಗಲೇ ಮಧ್ಯಾಹ್ನ, ಬೆಳಗಿನಿಂದ ಕಿವಿ ತುಂಬಿದ್ದ ಜೀರುಂಡೆಗಳು ಸುಮ್ಮನಾಗಿದ್ದವು. ಕುಮಾಝೆಮಿ ಬೆಳಗಿನ ಹೊತ್ತಿನ ಹುಳು, ಬಿಸಿಲು ನೆತ್ತಿಗೇರಿದರೆ ಕೂಗುವುದಿಲ್ಲ. ಆ ಮೌನದಲ್ಲಿ ಗೋಪುರ ಇನ್ನೂ ಎತ್ತರವಾಗಿ ಕಂಡಿತು. ಕಲ್ಲಿನ ತಳಗಟ್ಟು 15 ಮೀಟರ್, ಅದರ ಮೇಲೆ ಗೋಪುರ 31 ಮೀಟರಿಗೂ ಹೆಚ್ಚು.

ಇದನ್ನು ಒಮ್ಮೆ ಹರಾಜಿನಲ್ಲಿ ಮಾರಿದ್ದರು ಎಂದಾಗ ತಂದೆ ನಂಬಲಿಲ್ಲ. ಮೆಯಿಜಿ ಕಾಲದಲ್ಲಿ ಸಮುರಾಯ್ ಆಡಳಿತ ಮುಗಿದ ಮೇಲೆ, 1873ರ ಆದೇಶದಂತೆ ದೇಶದ ಕೋಟೆಗಳಲ್ಲಿ ಹೆಚ್ಚಿನವನ್ನು ಕೆಡವಲು, ಮಾರಲು ಶುರುಮಾಡಿದರು. ಹಿಮೇಜಿಯ ಕೋಟೆಯನ್ನು ಊರಿನವನೊಬ್ಬ 23 ಯೆನ್ 50 ಸೆನ್ನಿಗೆ ಕೊಂಡನೆಂದು ಹೇಳುತ್ತಾರೆ. ಹೆಂಚು, ಕಬ್ಬಿಣ ತೆಗೆದು ಮಾರುವುದು ಅವನ ಲೆಕ್ಕ. ಕೆಡವುವ ಕೂಲಿಯೇ ಹೆಚ್ಚಾಗುತ್ತದೆಂದು ತಿಳಿದು ಕೈಬಿಟ್ಟ. ಕೆಡವಲು ದುಡ್ಡು ಸಾಲದ ಕಾರಣಕ್ಕೆ ನಿಂತ ಕಟ್ಟಡ ದಿನೇ ದಿನೇ ಮಳೆಗೆ ಕರಗುತ್ತಿದ್ದಾಗ, 1878ರಲ್ಲಿ ಸೇನೆಯ ಕರ್ನಲ್ ನಾಕಾಮುರಾ ಶಿಗೆತೋ, ಇದನ್ನೂ ನಗೋಯಾದ ಕೋಟೆಯನ್ನೂ ಉಳಿಸಬೇಕೆಂದು ಸೇನೆಯ ಹಿರಿಯ ನಾಯಕ ಯಾಮಗಾತಾ ಅರಿತೊಮೊಗೆ ಮನವಿ ಬರೆದ. ನಗೋಯಾದ ಗೋಪುರ 1945ರ ಬಾಂಬಿಗೆ ಸುಟ್ಟುಹೋಯಿತು. ಇದು ಉಳಿಯಿತು, ಇಡೀ ಜಪಾನಿನಲ್ಲಿ ಹಳೆಯ ರೂಪದಲ್ಲಿಯೇ ನಿಂತಿರುವ ಗೋಪುರಗಳು ಹನ್ನೆರಡು ಮಾತ್ರ. 1993ರಲ್ಲಿ ಹೋರ್ಯುಜಿ ದೇಗುಲದ ಜೊತೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾಕಾಮುರಾ ನೆನಪಿನ ಕಲ್ಲು ಹಿಶಿ ಬಾಗಿಲಿನ ಒಳಗೆ ನಿಂತಿದೆ. ಬೆಳಗ್ಗೆ ನೆರಳಿಗೆ ಓಡುವ ಆತುರದಲ್ಲಿ ಅದನ್ನು ದಾಟಿ ಹೋಗಿದ್ದೆವು. ಹಿಂದಿರುಗುವಾಗ ತಂದೆಯೇ ಕೇಳಿ ಹುಡುಕಿಸಿದರು.

ಅದಕ್ಕೆ ಮುಂಚೆ ಪಶ್ಚಿಮದ ಆವರಣವನ್ನೂ ನೋಡಿದೆವು. ಒಂದರ ಹಿಂದೊಂದು ಪುಟ್ಟ ಕೋಣೆಗಳಿರುವ, ಗುಡ್ಡದ ಅಂಚಿನಲ್ಲಿ ಬಾಗುತ್ತ ಹೋಗುವ ಉದ್ದನೆಯ ಮೊಗಸಾಲೆ ಅದು. ಇಯೆಯಾಸುವಿನ ಮೊಮ್ಮಗಳು ಸೆನ್‌ಹಿಮೆ ಇಲ್ಲಿ ಸುಮಾರು ಹತ್ತು ವರ್ಷ ಬಾಳಿದಳು. 1615ರಲ್ಲಿ ಒಸಾಕಾ ಕೋಟೆಯನ್ನು ಅವಳ ಅಜ್ಜನ ಸೇನೆಯೇ ಸುಟ್ಟಾಗ ಮೊದಲ ಗಂಡನನ್ನು ಕಳೆದುಕೊಂಡವಳು. ಇಲ್ಲಿ ಹೋಂಡಾ ತಾದತೋಕಿಯ ಹೆಂಡತಿಯಾಗಿ ಬಂದು, ಎಳೆಯ ಮಗನನ್ನು ಕಳೆದುಕೊಂಡು, 1626ರಲ್ಲಿ ಎರಡನೆಯ ಗಂಡನನ್ನೂ ಕಳೆದುಕೊಂಡು, ಇಂದಿನ ಟೋಕಿಯೋ ಆಗಿರುವ ಎದೋಗೆ ಮರಳಿ ಸನ್ಯಾಸಿನಿಯಾದಳು. ಎದುರಿನ ಗುಡ್ಡದ ಮೇಲೆ ಅವಳು ಕಟ್ಟಿಸಿದ ದೇಗುಲದ ಕಡೆಗೆ ಈ ಮೊಗಸಾಲೆಯ ಕಿಟಕಿಯಿಂದ ದಿನವೂ ಕೈಮುಗಿಯುತ್ತಿದ್ದಳಂತೆ. ಮೊಗಸಾಲೆಯಲ್ಲಿ ಜನ ಕಡಿಮೆ, ನೆರಳು ಹೆಚ್ಚು. ಯಾರೂ ಕಾದಾಡದ ಈ ಕೋಟೆಯಲ್ಲಿ ಯುದ್ಧದ ನಷ್ಟವನ್ನು ನಿಜವಾಗಿ ಹೊತ್ತು ಬದುಕಿದ್ದು ಬಹುಶಃ ಇವಳೊಬ್ಬಳೇ.

ಸಂಜೆ ನಾಲ್ಕರ ಹೊತ್ತಿಗೆ ಹೊರಬಂದು, ಸಕ್ಕರೆ ಪಾಕ ಹಾಕಿದ ತುರಿದ ಮಂಜುಗಡ್ಡೆ ತಿಂದು, ನೆರಳು ಬಿದ್ದ ಬದಿಯಿಂದ ನಿಲ್ದಾಣದ ಕಡೆ ನಡೆದೆವು. ಅಂಗಡಿಯೊಂದರ ಸೂರಿನಡಿ ಕಬ್ಬಿಣದ ಗಂಟೆಗಳು ತೂಗುತ್ತಿದ್ದವು. ನಾಲ್ಕು ಕಬ್ಬಿಣದ ಕಡ್ಡಿಗಳನ್ನು ದಾರದಲ್ಲಿ ಕಟ್ಟಿದ ಗಾಳಿಗಂಟೆ ಅದು. ಮಿಯೋಚಿನ್ ಎಂಬ ಮನೆತನ ತಲೆಮಾರುಗಳಿಂದ ಯೋಧರಿಗೆ ಕವಚ ಬಡಿದು ಕೊಡುತ್ತಿತ್ತು. ಕವಚದ ಕಾಲ ಮುಗಿದ ಮೇಲೆ ಅದೇ ಕುಲುಮೆಯಲ್ಲಿ ಕೆಂಡ ಹಿಡಿಯುವ ಕಡ್ಡಿಗಳನ್ನು ಮಾಡಿತು. ಕೆಂಡದ ಒಲೆಯ ಕಾಲವೂ ಮುಗಿದ ಮೇಲೆ ಆ ಕಡ್ಡಿಗಳನ್ನು ಒಂದಕ್ಕೊಂದು ತಾಕುವಂತೆ ತೂಗುಹಾಕಿ ಬೇಸಿಗೆಯ ಗಂಟೆ ಮಾಡಿತು. ಆ ನಾದ ಕೇಳಿದರೆ ಮೈ ತಂಪಾಗುತ್ತದೆ ಎಂದು ಇಲ್ಲಿನವರು ನಂಬುತ್ತಾರೆ. ಗಾಳಿ ಇರಲಿಲ್ಲ, ತಂದೆ ಬೆರಳಿನಿಂದ ಮೆಲ್ಲಗೆ ತಾಕಿಸಿ, ನಾದ ಪೂರ್ತಿ ಅಡಗುವವರೆಗೆ ತಲೆ ಓರೆಮಾಡಿ ಕೇಳಿದರು. ಒಂದನ್ನು ಕೊಂಡೆವು, ಅಮ್ಮನಿಗೆಂದು.

ನಿಲ್ದಾಣದ ಮೆಟ್ಟಿಲ ಬಳಿ ತಿರುಗಿ ನೋಡಿದಾಗ ಇಳಿಬಿಸಿಲು ಕೋಟೆಯ ಪಶ್ಚಿಮದ ಮೈಗೆ ಬಿದ್ದಿತ್ತು. ಬೆಳಗ್ಗೆ ಒಂದೇ ಬಿಳುಪಾಗಿ ಕಂಡದ್ದರಲ್ಲಿ ಈಗ ಛಾಯೆಗಳು ಕಾಣುತ್ತಿದ್ದವು. ತಂದೆ ಕನ್ನಡಕ ಒರೆಸಿ ಹಾಕಿಕೊಂಡು, ನೀರು ಇಳಿಯುವ ಸೂರಿನಂಚುಗಳು ಆಗಲೇ ಕಪ್ಪಾಗುತ್ತಿವೆಯೆಂದು ಬೆರಳು ಮಾಡಿ ತೋರಿಸಿದರು. ಈ ಊರಿಗೆ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಕೇಳಿದರು. ಬಿರುಗಾಳಿಯ ಮಳೆ ಹೆಚ್ಚಾಗಿ ದಕ್ಷಿಣದ ಕಡಲಿನಿಂದ ಬರುತ್ತದೆ ಎಂದೆ. “ಹಂಗಾದ್ರೆ ಮೊದಲು ಆ ಮಗ್ಗುಲು ಹಿಡೀಬೇಕು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಗಾಳಿಗಂಟೆಯ ಪೊಟ್ಟಣವನ್ನು ಅಲ್ಲಾಡದಂತೆ ಎದೆಗೆ ಹಿಡಿದು ರೈಲಿನ ಕಡೆ ನಡೆದರು.